ಭುಜಕ್ಕೆ ಒರಗುವ ತುದಿ

ಬಂದೂಕು ಕಂಡವರ ಕಣ್ಣು ಮೊದಲು ನಳಿಗೆಯ ಬಾಯಿಗೆ ಹೋಗುತ್ತದೆ. ನನ್ನದು ಹಿಂದಿನ ತುದಿಗೆ ಹೋಗುತ್ತದೆ. ಭುಜಕ್ಕೆ ಒರಗುವ, ಕೆನ್ನೆ ಊರುವ ಆ ಭಾಗವನ್ನು ಶೂಟಿಂಗ್ ಕಲಿತವರು ಸ್ಟಾಕ್ ಅನ್ನುತ್ತಾರೆ. ನಳಿಗೆಯನ್ನು ಕಾರ್ಖಾನೆಯಲ್ಲಿ ಯಾರೋ ಮಾಡಿ ಮುಗಿಸಿರುತ್ತಾರೆ; ಅದರಲ್ಲಿ ನಾವು ಕೈಯಾಡಿಸುವಂಥದ್ದು ಏನೂ ಉಳಿದಿರುವುದಿಲ್ಲ, ಆಡಿಸಲೂ ಕೂಡದು. ಸ್ಟಾಕಿಗೆ ಮಾತ್ರ ಎರಡು ಕಡೆಯ ಋಣ. ಮುಂದೆ ಲೋಹಕ್ಕೆ ಹೊಂದಬೇಕು, ಹಿಂದೆ ಮನುಷ್ಯನ ಮೈಗೆ ಹೊಂದಬೇಕು. ಲೋಹದ ಅಳತೆ ಇಂಚಿನ ಸಾವಿರದಲ್ಲಿ ಒಂದು ಭಾಗದವರೆಗೂ ಗೊತ್ತಿರುತ್ತದೆ. ಮೈಯ ಅಳತೆ ಒಬ್ಬೊಬ್ಬರದು ಒಂದೊಂದು. ನಡುವೆ ಕೂತು ಈ ಇಬ್ಬರನ್ನೂ ಒಪ್ಪಿಸುವ ಕೆಲಸದಷ್ಟು ಸುಖ ನನಗೆ ಬೇರೆ ಯಾವ ಹವ್ಯಾಸವೂ ಕೊಟ್ಟಿಲ್ಲ.

ಅಮೆರಿಕದ ಯೂಜಿನ್ ಸ್ಟೋನರ್ 1950ರ ದಶಕದಲ್ಲಿ ರೂಪಿಸಿದ ಎಆರ್ ಮಾದರಿಯ ರೈಫಲ್‌ನಲ್ಲಿ ಈ ಎರಡು ಲೋಕಗಳ ನಡುವೆ ಒಂದು ಕೊಳವೆ ಬಂದು ಕೂತಿತು. ಹಳೆಯ ರೈಫಲ್‌ಗಳಲ್ಲಿ ಮರದ ಸ್ಟಾಕು ಲೋಹದ ಬಾಲವೊಂದಕ್ಕೆ ತಿರುಪಿನಲ್ಲಿ ಬಿಗಿದಿರುತ್ತಿತ್ತು. ಸ್ಟೋನರ್ ರೈಫಲ್‌ನ ಸ್ಪ್ರಿಂಗನ್ನೂ ಅದರ ಮುಂದಿನ ತೂಕದ ಗೂಟವನ್ನೂ ನಳಿಗೆಯ ನೇರಕ್ಕೇ ಹಿಂದಕ್ಕೆ ಕಳಿಸಿ, ಅವಕ್ಕೊಂದು ಅಲ್ಯುಮಿನಿಯಂ ಮನೆ ಕಟ್ಟಿದ. ಆ ಮನೆಯೇ ಬಫರ್ ಟ್ಯೂಬು. ಸ್ಟಾಕು ಅದರ ಮೇಲೆ ತೊಡಿಸುವ ಅಂಗಿಯಾಯಿತು. ಮುಂದೆ ಜಾರಿಸಿ ಉದ್ದ ಹೆಚ್ಚುಕಡಿಮೆ ಮಾಡುವ ಸ್ಟಾಕುಗಳು ಬಂದವು. ಟ್ಯೂಬಿನ ಕೆಳಗಿನ ಏಣಿನಲ್ಲಿ ಸಾಲಾಗಿ ಕೊರೆದ ಗುಳಿಗಳಲ್ಲಿ ಒಂದಕ್ಕೆ ಸ್ಟಾಕಿನ ಗೂಟ ಬಿದ್ದರೆ ಅದು ಅಲ್ಲಿ ನಿಲ್ಲುತ್ತದೆ.

ತೊಡಕು ಹುಟ್ಟಿದ್ದು ಇಲ್ಲೇ. ಸೇನೆಯ ನಕ್ಷೆಯ ಪ್ರಕಾರ ಮಾಡಿದ ಟ್ಯೂಬಿನ ಹೊರವ್ಯಾಸ 1.148 ಇಂಚು. ಮಾರುಕಟ್ಟೆಗೆಂದು ಮಾಡಿದ ಇನ್ನೊಂದು ಬಗೆಯದು 1.168 ಇಂಚು. ಮೊದಲನೆಯದು ಮಿಲ್-ಸ್ಪೆಕ್, ಎರಡನೆಯದು ಕಮರ್ಷಿಯಲ್. ನಮ್ಮ ಲೆಕ್ಕದಲ್ಲಿ 29.16 ಮಿಲಿಮೀಟರ್ ಮತ್ತು 29.67 ಮಿಲಿಮೀಟರ್. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ಎಷ್ಟು ಪಳಗಿದ ಕಣ್ಣಿಗೂ ವ್ಯತ್ಯಾಸ ಒಮ್ಮೆಗೇ ತಿಳಿಯುವುದಿಲ್ಲ. ರೈಫಲ್‌ನೊಳಕ್ಕೆ ತಿರುಗಿಸುವ ತುದಿಯ ಮರೆ ಎರಡಕ್ಕೂ ಒಂದೇ ಲೆಕ್ಕದ್ದು, ಇಂಚಿಗೆ 16 ಎಳೆ. ಹಾಗಾಗಿ ರೈಫಲ್ ಎರಡು ಟ್ಯೂಬನ್ನೂ ತಕರಾರಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ತಕರಾರು ತೆಗೆಯುವುದು ಸ್ಟಾಕು. ಮಿಲ್-ಸ್ಪೆಕ್ ಸ್ಟಾಕನ್ನು ಕಮರ್ಷಿಯಲ್ ಟ್ಯೂಬಿಗೆ ತೊಡಿಸಲು ಹೋದರೆ ಬಾಯಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಕಮರ್ಷಿಯಲ್ ಸ್ಟಾಕನ್ನು ಮಿಲ್-ಸ್ಪೆಕ್ ಟ್ಯೂಬಿಗೆ ತೊಡಿಸಿದರೆ ಸಲೀಸಾಗಿ ಹೋಗುತ್ತದೆ, ಗೂಟವೂ ಗುಳಿಗೆ ಬೀಳುತ್ತದೆ, ಎಲ್ಲ ಸರಿಯಾಯಿತು ಅನ್ನಿಸುತ್ತದೆ. ಭುಜಕ್ಕಿಟ್ಟು ಕೆನ್ನೆ ಊರಿದಾಗ ಟಕ್ ಎಂದು ಸಣ್ಣಗೆ ಅಲುಗುತ್ತದೆ. ನನಗೆ ಹೆಚ್ಚು ಅಪಾಯಕಾರಿಯಾಗಿ ಕಾಣುವುದು ಈ ಎರಡನೆಯದು. ಹೋಗದೇ ಇರುವುದು ತನ್ನ ತಪ್ಪನ್ನು ತಾನೇ ಹೇಳಿಬಿಡುತ್ತದೆ. ಸಡಿಲವಾಗಿ ಹೋಗುವುದು ಹೇಳುವುದಿಲ್ಲ.

ಎರಡರ ಅಂತರ ಅರ್ಧ ಮಿಲಿಮೀಟರ್. ಅರ್ಧ ಮಿಲಿಮೀಟರ್ ಅಂದರೆ ಏನೆಂದು ನಮ್ಮ ಹೊಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಈ ಊರಿನಿಂದ. ಅಶೋಕ್ ಲೇಲ್ಯಾಂಡ್ ಲಾರಿಗಳು ಇಲ್ಲಿ ತಯಾರಾಗುತ್ತವೆ. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ ಹುಟ್ಟುಹಾಕಿದ ಟೈಟನ್ ಕಂಪನಿಯ ಗಡಿಯಾರದ ಕಾರ್ಖಾನೆ ಇಲ್ಲಿದೆ. ಆ ಕಂಪನಿಯ ಎಡ್ಜ್ ಎಂಬ ಕೈಗಡಿಯಾರದ ಒಳಯಂತ್ರ, ಹಲ್ಲುಚಕ್ರ ಮೋಟಾರು ಎಲ್ಲ ಸೇರಿ, ದಪ್ಪದಲ್ಲಿ 1.15 ಮಿಲಿಮೀಟರ್ ಮಾತ್ರ. ಈ ದೊಡ್ಡ ಕಾರ್ಖಾನೆಗಳ ಸುತ್ತ, ಕೈಗಾರಿಕಾ ಪ್ರದೇಶವಾದ ಸಿಪ್ಕಾಟ್‌ನಲ್ಲಿ ನೂರಾರು ಸಣ್ಣ ಶೆಡ್ಡುಗಳು. ಅವುಗಳಲ್ಲೊಂದರ ಟೂಲ್‌ರೂಮಿನಲ್ಲಿ ನನ್ನ ಅನ್ನ. ಅಲ್ಲಿ 30 ಮಿಲಿಮೀಟರ್ ತೂತಿಗೆ ಎಚ್7 ಎಂದು ಬರೆದಿದ್ದರೆ ಅದು 21 ಮೈಕ್ರಾನ್‌ವರೆಗೆ ದೊಡ್ಡದಿರಬಹುದು, ಒಂದು ಎಳೆಯೂ ಚಿಕ್ಕದಿರಬಾರದು. ಅದರಲ್ಲಿ ಜಾರಬೇಕಾದ ದಂಡಕ್ಕೆ ಜಿ6 ಎಂದಿದ್ದರೆ ಅದು 7ರಿಂದ 20 ಮೈಕ್ರಾನ್ ಚಿಕ್ಕದಿರಬೇಕು. ಎಣ್ಣೆ ಸವರಿ ಒಂದರೊಳಗೊಂದು ಬಿಟ್ಟರೆ ದಂಡ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯುತ್ತದೆ, ಅಲ್ಲಾಡುವುದಿಲ್ಲ. ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರ್. ಇಂಥ ಕೈಗೆ ಅರ್ಧ ಮಿಲಿಮೀಟರ್ ಸಡಿಲ ಎಂದರೆ ಬಾಗಿಲು ತೆರೆದಿಟ್ಟ ಹಾಗೆ.

ನಮ್ಮ ದೇಶದಲ್ಲಿ ಎಆರ್ ರೈಫಲ್ ಸಾಮಾನ್ಯರ ಕೈಗೆ ಬರುವಂಥದ್ದಲ್ಲ, ಬರಬೇಕೆಂದು ನನಗೆ ಆಸೆಯೂ ಇಲ್ಲ. ಆದರೆ ಅದರ ಟ್ಯೂಬಿನ ಪದ್ಧತಿ ಬೇರೆ ದಾರಿಯಲ್ಲಿ ನಮ್ಮ ಮನೆಗಳಿಗೆ ಬಂದಿದೆ. ಗಾಳಿ ತುಂಬಿಸಿಕೊಂಡು ಹೊಡೆಯುವ ಕೆಲವು ಪಿಸಿಪಿ ಏರ್ ರೈಫಲ್‌ಗಳು ಈಗ ಹಿಂಬದಿಯಲ್ಲಿ ಇದೇ ಟ್ಯೂಬನ್ನೋ, ಅದನ್ನು ಕೂರಿಸುವ ಅಡಾಪ್ಟರನ್ನೋ ಇಟ್ಟುಕೊಂಡೇ ಬರುತ್ತವೆ. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಅಂದರೆ .177 ನಳಿಗೆಯ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಅದನ್ನು ಹಿಡಿದು ಕೆರೆ ಏರಿಯ ಮೇಲೆ ಕೊಕ್ಕರೆ ಹೊಡೆಯಲು ಹೋಗುವವರನ್ನು ನಾನು ಹತ್ತಿರ ಸೇರಿಸುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಅದನ್ನು ಅಪರಾಧ ಎನ್ನುತ್ತದೆ. ಕಾಯ್ದೆ ಇರದಿದ್ದರೂ ಅದು ಅಪರಾಧವೇ. ನನ್ನ ಗುರಿ ಕಾಗದ. ಮನೆಯ ಹಿತ್ತಿಲಲ್ಲಿ ಹತ್ತು ಮೀಟರ್ ಅಳೆದು, ಹಿಂದೆ ಇಟ್ಟಿಗೆ ಗೋಡೆ, ಅದರ ಮುಂದೆ ಮರಳು ತುಂಬಿದ ಪೆಟ್ಟಿಗೆ.

ಏರ್ ರೈಫಲ್‌ಗೆ ಬಂದ ಟ್ಯೂಬಿನೊಳಗೆ ಸ್ಪ್ರಿಂಗ್ ಇಲ್ಲ, ತೂಕದ ಗೂಟ ಇಲ್ಲ, ಅದು ಬರಿದು. ಇಲ್ಲಿ ಅದಕ್ಕಿರುವುದು ಒಂದೇ ಕೆಲಸ, ಸ್ಟಾಕನ್ನು ಹೊರುವುದು. ಹಾಗಾಗಿ ಟ್ಯೂಬಿನ ಉದ್ದದ ಚಿಂತೆ ಎಆರ್‌ನಲ್ಲಿದ್ದಷ್ಟು ಇಲ್ಲಿಲ್ಲ. ಅಲ್ಲಿ ಉದ್ದ ಬದಲಾದರೆ ಸ್ಪ್ರಿಂಗು, ತೂಕ ಎರಡೂ ಬದಲಾಗಬೇಕು. ಎಆರ್‌ನ ಜಾರದ, ಕಾಯಂ ಕೂರುವ ಎ1, ಎ2 ಸ್ಟಾಕುಗಳಿಗೆ ಉದ್ದನೆಯ ದುಂಡು ಟ್ಯೂಬೇ ಬೇರೆ. ಎ2 ಸ್ಟಾಕು ಎ1ಗಿಂತ ಇಂಚಿನ ಎಂಟರಲ್ಲಿ ಐದು ಭಾಗ ಉದ್ದ, ಟ್ಯೂಬು ಮಾತ್ರ ಅದೇ, ಕೊನೆಯಲ್ಲೊಂದು ತುಂಡು ಇಟ್ಟು ಸರಿದೂಗಿಸುತ್ತಾರೆ. ಏರ್ ರೈಫಲ್‌ನಲ್ಲಿ ಇದೆಲ್ಲ ಕಳಚಿಹೋಗಿ ವ್ಯಾಸದ ಪ್ರಶ್ನೆಯೊಂದೇ ಶುದ್ಧವಾಗಿ ಉಳಿಯುತ್ತದೆ. ಸ್ಟಾಕ್ ಕೊಳ್ಳುವ ಮೊದಲು ಟ್ಯೂಬಿಗೆ ವರ್ನಿಯರ್ ಹಿಡಿಯಿರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಹಿಡಿಯುವಾಗ ಅಡ್ಡಕ್ಕೆ, ದುಂಡಗಿರುವ ಭಾಗದಲ್ಲಿ ಹಿಡಿಯಬೇಕು. ಮೇಲಿಂದ ಕೆಳಕ್ಕೆ ಹಿಡಿದರೆ ಏಣಿನ ಎತ್ತರವೂ ಸೇರಿ ತಪ್ಪು ಲೆಕ್ಕ ಬರುತ್ತದೆ. ಮರೆಯ ಮೇಲೆ ಅಳೆದರೂ ತಪ್ಪೇ. ಮಿಲ್-ಸ್ಪೆಕ್‌ನಲ್ಲಿ ಮರೆಯ ನೆತ್ತಿ ಟ್ಯೂಬಿನ ಮೈಗಿಂತ ಎತ್ತರವಾಗಿರುತ್ತದೆ.

ಸಡಿಲ ಸ್ಟಾಕು ಬಂದುಬಿಟ್ಟಿದ್ದರೆ? ಬಹಳ ಜನ ಟ್ಯೂಬಿಗೆ ಕರೆಂಟ್ ಟೇಪು ಸುತ್ತುತ್ತಾರೆ. ಎರಡು ದಿನ ಗಟ್ಟಿಯಾಗಿರುತ್ತದೆ, ಬಿಸಿಲಿಗೆ ಅಂಟು ಕರಗಿ ಜಾರಿ ಅಂಚಿನಲ್ಲಿ ಮುದ್ದೆಯಾಗುತ್ತದೆ. ನಾನು ಹಿತ್ತಾಳೆಯ ಶಿಮ್ ಹಾಳೆ ತರುತ್ತೇನೆ. ವ್ಯಾಸದಲ್ಲಿ ಅರ್ಧ ಮಿಲಿಮೀಟರ್ ಅಂತರ ಎಂದರೆ ಒಂದೊಂದು ಬದಿಗೆ ಕಾಲು ಮಿಲಿಮೀಟರ್, ಮತ್ತು 0.25 ದಪ್ಪದ ಹಾಳೆ ಟೂಲ್‌ರೂಮಿನವರಿಗೆ ದಿನಬಳಕೆಯ ಸಾಮಾನು. ಆದರೂ ಲೆಕ್ಕ ಹೇಳಿದ್ದನ್ನು ಹಾಗೇ ನಂಬುವುದಿಲ್ಲ, ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಸ್ಟಾಕು ಒಂದರ ಹಾಗೆ ಒಂದಿರುವುದಿಲ್ಲ. ಮೊದಲು ಸ್ಟಾಕಿನ ಒಳಗನ್ನು ಮೂರು ಕಡೆ ಅಳೆಯುತ್ತೇನೆ: ಬಾಯಲ್ಲಿ, ನಡುವೆ, ಆಳದಲ್ಲಿ. ಆಮೇಲೆ ಹಾಳೆಯನ್ನು ಕತ್ತರಿಸಿ, ಟ್ಯೂಬಿಗಿಂತ ಸ್ವಲ್ಪ ಚಿಕ್ಕ ದಂಡದ ಮೇಲೆ ಕೈಯಿಂದಲೇ ಸುತ್ತಿ ಬಾಗಿಸುತ್ತೇನೆ, ಬಿಟ್ಟಾಗ ಅದು ಟ್ಯೂಬನ್ನು ತಾನೇ ಅಪ್ಪಿಕೊಳ್ಳುವಷ್ಟು. ಕೆಳಗೆ ಏಣು ಇರುವ ಕಡೆ ಹಾಳೆಗೆ ಜಾಗ ಬಿಡಬೇಕು, ಇಲ್ಲದಿದ್ದರೆ ಗೂಟಕ್ಕೆ ಗುಳಿ ಸಿಗುವುದಿಲ್ಲ. ಹಾಳೆಯ ಅಂಚುಗಳನ್ನು ಎಣ್ಣೆಗಲ್ಲಿನ ಮೇಲೆ ಉಜ್ಜಿ ಚೂಪು ತೆಗೆಯಬೇಕು. ಮುಂದಿನ ಅಂಚನ್ನು ಒಂದು ಕೂದಲಿನಷ್ಟು ಹೊರಕ್ಕೆ ಮಡಿಸಿದರೆ ಸ್ಟಾಕನ್ನು ಜಾರಿಸುವಾಗ ಹಾಳೆ ಜೊತೆಗೆ ಹೋಗುವುದಿಲ್ಲ. ಕೊನೆಗೆ ಸ್ಟಾಕನ್ನು ತೊಡಿಸುವಾಗ ಒಳಗಿನ ಗಾಳಿ ಉಸ್ಸೆಂದು ಹೊರಗೆ ಹೋಗುವ ಸದ್ದು ಕೇಳಿದರೆ ಕೆಲಸ ಆಯಿತು. ಆ ಸದ್ದು ಬರುವಂತೆ ಮಾಡುವುದಕ್ಕೆ ಒಂದು ಭಾನುವಾರ ಪೂರ್ತಿ ಹೋದರೂ ನನಗೆ ಬೇಸರವಿಲ್ಲ.

ಇಷ್ಟೆಲ್ಲ ಯಾಕೆ ಎಂದು ಮನೆಯವರೂ ಕೇಳುತ್ತಾರೆ. ಉತ್ತರ ಎದುರಿಗಿರುವ ಕಾಗದದಲ್ಲಿದೆ. ಹತ್ತು ಮೀಟರ್ ಏರ್ ರೈಫಲ್ ಗುರಿಹಲಗೆಯ ನಟ್ಟನಡುವಿನ ಹತ್ತರ ಚುಕ್ಕೆಯ ವ್ಯಾಸ ಎಷ್ಟು ಗೊತ್ತೇ? ಅರ್ಧ ಮಿಲಿಮೀಟರ್. ಭುಜದ ಕಡೆ ಎರಡು ಟ್ಯೂಬುಗಳ ನಡುವೆ ಎಷ್ಟು ಅಂತರವಿದೆಯೋ ಅಷ್ಟೇ ಜಾಗ ಆ ಕಡೆ ಗುರಿಯ ಕೇಂದ್ರಕ್ಕೆ. ಇದು ಆಕಸ್ಮಿಕ, ಯಾರೂ ಯೋಜಿಸಿದ್ದಲ್ಲ. ಆದರೆ ಮೊದಲ ಸಲ ಇದು ಹೊಳೆದಾಗ ನನಗೆ ರೋಮಾಂಚನವಾಗಿತ್ತು. ಈ ಎರಡು ಅರ್ಧ ಮಿಲಿಮೀಟರ್‌ಗಳಿಗೆ ಸಂಬಂಧವೂ ಉಂಟು. ಶೂಟರ್ ನೋಡುವುದು ಹಿಂದಿನ ಸಣ್ಣ ರಂಧ್ರದ ಮೂಲಕ ಮುಂದಿನ ಉಂಗುರವನ್ನು, ಆ ಉಂಗುರದ ಮೂಲಕ ಕಪ್ಪು ವೃತ್ತವನ್ನು. ಕೆನ್ನೆ ಪ್ರತಿ ಸಲವೂ ಅದೇ ಜಾಗದಲ್ಲಿ ಕೂತರೆ ಕಣ್ಣೂ ಅದೇ ಜಾಗದಲ್ಲಿರುತ್ತದೆ. ಸ್ಟಾಕು ಟಕ್ ಎಂದು ಅಲುಗಿದರೆ ಕೆನ್ನೆ ಸರಿಯಿತು, ಕಣ್ಣು ಸರಿಯಿತು, ಉಂಗುರ ವೃತ್ತಗಳೆಲ್ಲ ಸರಿಯಾಗಿಯೇ ಕಾಣುತ್ತಿದ್ದರೂ ಗುಂಡು ಇನ್ನೆಲ್ಲೋ ಬಿತ್ತು. ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ಟು ನಳಿಗೆ ದಾಟಲು ಕೆಲವು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ರೈಫಲ್ಲೂ ಮೈಯೂ ಒಂದೇ ಆಗಿರಬೇಕು.

2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಇದೇ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಅಭಿನವ್ ಬಿಂದ್ರಾ ಹೊಡೆದ ಕೊನೆಯ ಗುಂಡು 10.8. ಒಟ್ಟು 700.5 ಅಂಕ, ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ಮೊದಲ ಒಲಿಂಪಿಕ್ ಚಿನ್ನ. ಅದನ್ನು ಟಿವಿಯಲ್ಲಿ ನೋಡುವಾಗ ಎಲ್ಲರೂ ಅವರ ಮುಖವನ್ನೂ ಅಂಕಪಟ್ಟಿಯನ್ನೂ ನೋಡುತ್ತಿದ್ದರು. ನಾನು ನೋಡಿದ್ದು ಕೆನ್ನೆ. ಪ್ರತಿ ಹೊಡೆತಕ್ಕೂ ಅದು ರೈಫಲ್ ಮೇಲೆ ಇಳಿಯುತ್ತಿದ್ದ ರೀತಿ, ಒಂದೇ ಕೋನ, ಒಂದೇ ಒತ್ತಡ. ಒಲಿಂಪಿಕ್ ಮಟ್ಟದ ಏರ್ ರೈಫಲ್ 5.5 ಕಿಲೋ ಮೀರುವಂತಿಲ್ಲ. ಅದರಲ್ಲಿ ಕೆನ್ನೆಪಟ್ಟಿ ಮೇಲೆ ಕೆಳಗೆ ಅಕ್ಕಪಕ್ಕ ಸರಿಯುತ್ತದೆ, ಭುಜಪಟ್ಟಿ ಉದ್ದಕ್ಕೂ ಎತ್ತರಕ್ಕೂ ಓರೆಗೂ ತಿರುಗುತ್ತದೆ. ಅಲ್ಲಿ ಪ್ರತಿಯೊಂದು ಕೀಲಿಗೂ ತಿರುಪು, ಪ್ರತಿಯೊಂದಕ್ಕೂ ಗೆರೆ ಹಾಕಿದ ಅಳತೆ. ವಾಲ್ಥರ್, ಫೈನ್‌ವೆರ್ಕ್‌ಬೌ, ಆನ್‌ಶುಟ್ಸ್ ಎಂಬ ಜರ್ಮನ್ ಕಂಪನಿಗಳು ಈ ಕೀಲುಗಳ ಮೇಲೆ ಪಟ್ಟಿರುವ ಶ್ರಮ ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತದೆ.

ಅಣ್ಣನ ಮಗಳು ಶೂಟಿಂಗ್ ಕಲಿಯಲು ಶುರು ಮಾಡಿದಾಗ ಅವಳ ಕೈಗೆ ಬಂದದ್ದು ದೊಡ್ಡವರ ಅಳತೆಯ ರೈಫಲ್. ಹಿಡಿದಾಗ ಕತ್ತು ಮುಂದಕ್ಕೆ ಚಾಚುತ್ತಿದ್ದಳು, ಬಲಭುಜ ಕಿವಿಯವರೆಗೆ ಏರುತ್ತಿತ್ತು. "ಚಿಕ್ಕಪ್ಪ, ನನಗೆ ಕೈ ಸಾಲಲ್ಲ" ಅಂದಳು. ಕೈ ಸಾಲದ್ದಲ್ಲವಮ್ಮ, ಸ್ಟಾಕು ಜಾಸ್ತಿ ಅಂದೆ. ಭುಜಪಟ್ಟಿಯಿಂದ ಟ್ರಿಗರ್‌ವರೆಗಿನ ಉದ್ದವನ್ನು ಮೊದಲು ತಗ್ಗಿಸಿದೆ. ಆಮೇಲೆ ಒಂದು ಹಳೆಯ ಪರೀಕ್ಷೆ. ರೈಫಲ್ ಖಾಲಿಯೆಂದು ಖಚಿತ ಮಾಡಿಕೊಂಡು, ಕಣ್ಣು ಮುಚ್ಚಿ ಭುಜಕ್ಕಿಡು, ಕತ್ತನ್ನು ಬಗ್ಗಿಸದೆ ಕೆನ್ನೆಯನ್ನು ಸುಮ್ಮನೆ ಇಳಿಬಿಡು, ಅದು ಎಲ್ಲಿ ನಿಂತಿತೋ ಅಲ್ಲೇ ಕಣ್ಣು ತೆರೆ ಅಂದೆ. ರಂಧ್ರದ ನಡುವೆ ಉಂಗುರ ಕಂಡರೆ ಹೊಂದಿದೆ, ಇಲ್ಲದಿದ್ದರೆ ಎಲ್ಲಿ ಕಾಣುತ್ತದೆ ಹೇಳು. "ಕೆಳಗಡೆ ಅರ್ಧ ಚಂದ್ರ ಕಾಣತ್ತೆ" ಅಂದಳು. ಕೆನ್ನೆಪಟ್ಟಿಯನ್ನು ಎರಡು ಗೆರೆ ಸರಿಸಿದೆ. ಮತ್ತೆ ಮುಚ್ಚಿ ಮತ್ತೆ ತೆರೆದಳು. ಹಾಗೆ ಮಾಡುತ್ತಾ ಮಾಡುತ್ತಾ ಒಂದು ಸಲ ಏನೂ ಹೇಳದೆ ನೋಡುತ್ತಲೇ ನಿಂತಳು. ಭುಜ ಇಳಿದಿತ್ತು, ಉಸಿರು ಸಮವಾಗಿತ್ತು. ನಾನು ತಿರುಪು ಬಿಗಿದು ಗೆರೆಗಳ ಸಂಖ್ಯೆಯನ್ನು ಅವಳ ಪುಸ್ತಕದಲ್ಲಿ ಬರೆಸಿದೆ. ಮಕ್ಕಳು ಬೆಳೆಯುತ್ತಾರೆ, ಆ ಸಂಖ್ಯೆಗಳೂ ಅವರ ಜೊತೆ ಬೆಳೆಯುತ್ತವೆ.

ಕೊಳವೆ ಇಲ್ಲದ ಕಾಲದ ಹೊಂದಾಣಿಕೆ ಮರದಲ್ಲಿ ನಡೆಯುತ್ತಿತ್ತು, ಈಗಲೂ ಹಳೆಯ ಸ್ಪ್ರಿಂಗ್ ರೈಫಲ್‌ಗಳಲ್ಲಿ ನಡೆಯುತ್ತದೆ. ಟ್ಯೂಬಿನ ಬಗ್ಗೆ ಇಷ್ಟು ಬರೆದ ಮೇಲೂ ನನ್ನ ಮನಸ್ಸು ವಾಲುವುದು ಮರಕ್ಕೇ. ಲೋಹದ ಆಕಾರಕ್ಕೆ ತಕ್ಕ ಗುಳಿಯನ್ನು ಮರದಲ್ಲಿ ತೋಡುವಾಗ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಲೋಹಕ್ಕೆ ತೆಳ್ಳಗೆ ಸವರುತ್ತಾರೆ. ಮರದ ಗುಳಿಗೆ ಇಟ್ಟು ಒತ್ತಿ ತೆಗೆದರೆ ಎಲ್ಲಿ ಎತ್ತರವಿದೆಯೋ ಅಲ್ಲಿ ಮಸಿ ಅಂಟಿರುತ್ತದೆ. ಅಷ್ಟನ್ನೇ ಉಳಿಯ ಬಾಯಿಂದ ಕೆರೆಯಬೇಕು. ಮತ್ತೆ ಇಡಬೇಕು, ಮತ್ತೆ ಒತ್ತಬೇಕು. ಮೊದಮೊದಲು ಮೂರು ನಾಲ್ಕು ಕಡೆ ಮಾತ್ರ ಬೀಳುತ್ತಿದ್ದ ಕಪ್ಪು ಬರಬರುತ್ತಾ ಗುಳಿಯ ತುಂಬ ಹರಡಿ ಚುಕ್ಕೆಚುಕ್ಕೆಯಾಗುತ್ತದೆ. ಅಲ್ಲಿಗೆ ಉಳಿ ಕೆಳಗಿಡಬೇಕು. ಟೂಲ್‌ರೂಮಿನಲ್ಲಿ ಎರಡು ಉಕ್ಕಿನ ಮೈಗಳನ್ನು ಕೂಡಿಸುವಾಗ ನಾವು ನೀಲಿ ಬಣ್ಣ ಸವರಿ ಇದನ್ನೇ ಮಾಡುತ್ತೇವೆ. ನೀಲಿ ಹೋಗಿ ಮಸಿ ಬಂದಿದೆ, ಕಣ್ಣು ಹುಡುಕುವುದು ಅದೇ ಚುಕ್ಕೆಗಳನ್ನು.

ಮರ ಯಾವುದೆಂಬುದು ದೊಡ್ಡ ಮಾತು. ಯುರೋಪಿನವರು ಅಕ್ರೋಟಿನ ಮರವನ್ನು ಮೆಚ್ಚುತ್ತಾರೆ, ಹಗುರ, ಗಟ್ಟಿ, ಸುಲಭಕ್ಕೆ ಸೊಟ್ಟಗಾಗುವುದಿಲ್ಲ. ನಮ್ಮಲ್ಲಿ ಬೀಟೆ ಸುಂದರ, ಆದರೆ ಭಾರ. ತೇಗ ನೆಮ್ಮದಿಯ ಮರ. ಕೃಷ್ಣಗಿರಿಯ ಕಡೆ ಮಾವಿನ ತೋಪುಗಳಿಗೆ ಲೆಕ್ಕವಿಲ್ಲ, ಹಳೆಯ ಮರ ಕಡಿದಾಗ ಹಲಗೆ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಮಾಡಬಹುದೇ ಎಂದು ಅಲ್ಲಿನ ಆಚಾರಿಯೊಬ್ಬರನ್ನು ಕೇಳಿದ್ದೆ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು, ನನ್ನ ಜೊತೆ ಕನ್ನಡ ಆಡುವವರು. "ಬೇಡಿ ಸಾಮಿ, ಮಾವು ಮಾತು ಕೇಳಲ್ಲ. ಇವತ್ತು ನೆಟ್ಟಗಿರ್ತದೆ, ಮಳೆ ಬಂದ್ರೆ ತಿರುಗ್ತದೆ. ಹಲಸು ನೋಡಿ" ಅಂದರು. ಹಲಗೆ ಆರಿಸುವಾಗ ಅವರು ಮೊದಲು ನೋಡಿದ್ದು ಕೈಹಿಡಿಯ ಕತ್ತು ಬರುವ ಜಾಗವನ್ನು. ಅಲ್ಲಿ ಮರದ ಎಳೆ ಉದ್ದಕ್ಕೆ ಹರಿಯಬೇಕು, ಅಡ್ಡ ಹರಿದರೆ ಒಂದು ದಿನ ಅಲ್ಲೇ ಮುರಿಯುತ್ತದೆ. ಬಂದೂಕು ಮಾಡದ ಆಚಾರಿಗೂ ಇದು ಗೊತ್ತಿತ್ತು.

ಹೊಸೂರಿನಿಂದ ತಳಿ ದಾಟಿದರೆ ಜವಳಗಿರಿ. ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ ಬರೆದ ನರಭಕ್ಷಕ ಹುಲಿಯ ಕತೆಯ ಜವಳಗಿರಿ ಅದೇ. ತೇಜಸ್ವಿಯವರ ಕನ್ನಡದಲ್ಲಿ ಆಂಡರ್ಸನ್‌ನ ಕಾಡನ್ನು ಓದಿದ ಪೀಳಿಗೆ ನಮ್ಮದು. ಅವನ ಕೈಯಲ್ಲಿರುತ್ತಿದ್ದದ್ದು 1895ರ ಮಾದರಿಯ .405 ವಿಂಚೆಸ್ಟರ್, ಮರದ ಸ್ಟಾಕಿನದು. ಆ ಕಾಲದ ಇಂಗ್ಲಿಷ್ ಬಂದೂಕು ಕಸುಬಿನವರು ಗಿರಾಕಿಯ ಮೈ ಅಳೆಯಲೆಂದೇ ಎಲ್ಲ ಕಡೆ ಕೀಲಿರುವ ಒಂದು ಅಳತೆಯ ಬಂದೂಕು ಇಟ್ಟುಕೊಂಡಿರುತ್ತಿದ್ದರು. ಅದನ್ನು ಭುಜಕ್ಕಿಡಿಸಿ ಉದ್ದ, ಇಳಿತ, ಓರೆ ಮೂರನ್ನೂ ಗುರುತುಹಾಕಿ, ಆಮೇಲೆ ಮರಕ್ಕೆ ಕೈ ಹಾಕುತ್ತಿದ್ದರು. ಕಾಡಿನ ಕತ್ತಲಲ್ಲಿ ಬಂದೂಕು ಎತ್ತಿದ ಕ್ಷಣಕ್ಕೆ ಕಣ್ಣು ಗುರಿಯ ಸಾಲಿನಲ್ಲೇ ಇರಬೇಕಾದರೆ ಆ ಮೂರು ಅಳತೆ ಕೂಡಿಬರಬೇಕು. ಬೇಟೆಯ ಕಾಲ ಮುಗಿದದ್ದು ಒಳ್ಳೆಯದಾಯಿತು. ಮೈ ಅಳೆದು ಮರ ಕೆತ್ತುವ ಆ ವಿದ್ಯೆ ಮಾತ್ರ ಉಳಿಯಬೇಕೆಂದು ನನ್ನ ಆಸೆ.

ಹವೆಯೂ ಈ ಕೆಲಸದಲ್ಲಿ ಕೈಯಾಡಿಸುತ್ತದೆ. ಹೊಸೂರು ಎತ್ತರದ ಊರು, ತಂಪು. ಶೂಳಗಿರಿ ದಾಟಿ ಕೃಷ್ಣಗಿರಿಗೆ ಇಳಿದರೆ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ಹತ್ತು ಡಿಗ್ರಿ ಹೆಚ್ಚಾದರೆ 30 ಮಿಲಿಮೀಟರ್ ಅಲ್ಯುಮಿನಿಯಂ ಹಿಗ್ಗುವುದು ಸುಮಾರು 7 ಮೈಕ್ರಾನ್, ಲೆಕ್ಕಕ್ಕಿಲ್ಲ. ಪ್ಲಾಸ್ಟಿಕ್ಕು ಅದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಮರವೋ ಬಿಸಿಗಿಂತ ತೇವಕ್ಕೆ ಓಗೊಡುವುದು. ಎಳೆಯ ಉದ್ದಕ್ಕೆ ಕದಲುವುದಿಲ್ಲ, ಅಡ್ಡಕ್ಕೆ ಉಬ್ಬಿ ಕುಗ್ಗುತ್ತದೆ. ಅದಕ್ಕೇ ಅಗಸೆ ಎಣ್ಣೆಯನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ಕುಡಿಸುವುದು, ಹೊರಮೈಗಷ್ಟೇ ಅಲ್ಲ, ಯಾರಿಗೂ ಕಾಣದ ಒಳಗುಳಿಗೂ. ತೇವ ನುಗ್ಗುವುದು ಮುಚ್ಚದೆ ಬಿಟ್ಟ ಜಾಗದಿಂದ.

ಹೊಂದಾಣಿಕೆಯ ಈ ಪ್ರಶ್ನೆ ನಮ್ಮಂಥ ಹಿತ್ತಿಲ ಶೂಟರ್‌ಗಳದ್ದಷ್ಟೇ ಅಲ್ಲ. 2019ರಲ್ಲಿ ನಮ್ಮ ಸೇನೆ 72,400 ಸಿಗ್ 716 ರೈಫಲ್‌ಗಳಿಗೆ ಒಪ್ಪಂದ ಮಾಡಿಕೊಂಡಿತು, ಅವುಗಳ ಹಿಂಬದಿಯಲ್ಲೂ ಟ್ಯೂಬೇ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ನಮ್ಮ ಪಡೆಗಳ ಹಳೆಯ ಎಕೆ ರೈಫಲ್‌ಗಳಿಗೆ ಹೊಸ ಸ್ಟಾಕು, ಹೊಸ ಹಿಡಿ ಮಾಡಿಕೊಡುತ್ತದೆ. ಗಡಿಯಲ್ಲಿ ದಪ್ಪ ಜಾಕೆಟ್ಟು ತೊಟ್ಟ ಯೋಧನಿಗೂ ಬಯಲಲ್ಲಿ ಅಂಗಿಯಲ್ಲಿ ನಿಂತವನಿಗೂ ಒಂದೇ ಉದ್ದ ಹೊಂದುವುದಿಲ್ಲ ಎಂಬುದನ್ನು ಅಲ್ಲಿ ಯಾರೋ ಕೂತು ಯೋಚಿಸಿದ್ದಾರೆ ಎಂದರೆ ನನಗೆ ಸಮಾಧಾನ.

ಏರ್ ರೈಫಲ್ ಮತ್ತು ಬಿಡಿಭಾಗ ಮಾರುವವರಲ್ಲಿ ನನ್ನದೊಂದು ಕೇಳಿಕೆ ಇದೆ. ಪೆಟ್ಟಿಗೆಯ ಮೇಲೆ "ಎಂ4 ಮಾದರಿ" ಎಂದಷ್ಟೇ ಅಚ್ಚು ಹಾಕಿದರೆ ಕೊಳ್ಳುವವನಿಗೆ ಏನೂ ತಿಳಿಯುವುದಿಲ್ಲ. ಟ್ಯೂಬಿನ ಹೊರವ್ಯಾಸ, ಸ್ಟಾಕಿನ ಒಳವ್ಯಾಸ, ಗುಳಿಗಳು ಎಷ್ಟು, ಒಂದರಿಂದ ಒಂದಕ್ಕೆ ಎಷ್ಟು ದೂರ, ಇಷ್ಟನ್ನು ಮಿಲಿಮೀಟರ್‌ನಲ್ಲಿ ಎರಡು ದಶಮಾಂಶದವರೆಗೆ ಬರೆಯಿರಿ. ಹೊಸೂರಿನ ಯಾವ ಶೆಡ್ಡಿನಿಂದ ಹೊರಡುವ ಪಿನ್ನಿನ ಜೊತೆಗೂ ಅಷ್ಟು ವಿವರದ ಚೀಟಿ ಹೋಗುತ್ತದೆ. ನಿಮ್ಮ ಚೀಟಿ ಬರುವವರೆಗೂ ಯಾರಾದರೂ ಟ್ಯೂಬು ತಂದರೆ ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲೇ ಇರುತ್ತೇನೆ, ವರ್ನಿಯರ್ ಮೇಜಿನ ಮೇಲಿರುತ್ತದೆ.